ಇಂಗ್ಲಿಷು ಪರೀಕ್ಷೆ ಮತ್ತು ದುಡಿಯುವವರ ಮಕ್ಕಳು

(ಹಾನಗಲ್ಲಿನಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಿಂದ ತಾವು ಕೆಲಸ ಬಿಟ್ಟು, ಅಂಗಡಿ ಮುಚ್ಚಿ ಬಂದಿದ್ದೀರಿ. ಆದ್ದರಿಂದ ಉದ್ದನೆಯ ಪೀಠಿಕೆ ಬೇಡ. ಇಂದಿನ ವಿಷಯ ಕೂಲಿಯ ದರವಲ್ಲ, ತೂಕದ ಮೋಸವೂ ಅಲ್ಲ. ನಮ್ಮ ಮಕ್ಕಳು ಕಾಲೇಜಿನ ಇಂಗ್ಲಿಷು ಪ್ರಾವೀಣ್ಯ ಪರೀಕ್ಷೆಗೆ, ಅದರಲ್ಲಿಯೂ ಕೇಳಿ ತಿಳಿಯುವ ಪತ್ರಿಕೆಗೂ ಬರೆಯುವ ಪತ್ರಿಕೆಗೂ ಹೇಗೆ ಸಿದ್ಧರಾಗಬೇಕು ಎಂಬದೇ ವಿಷಯ.

"ಸಮಾಜವಾದಿಗಳ ಸಭೆಯಲ್ಲಿ ಇಂಗ್ಲಿಷಿನ ಪಾಠವೇ?" ಎಂದು ಹಿರಿಯರೊಬ್ಬರು ಬಾಗಿಲಲ್ಲಿಯೇ ನಮ್ಮನ್ನು ತಡೆದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ೧೯೫೦ರ ದಶಕದ ಕೊನೆಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು 'ಅಂಗ್ರೇಜಿ ಹಟಾವೋ' ಎಂದು ಕರೆ ಕೊಟ್ಟರು. ಅವರು ತೆಗೆಯಿರಿ ಎಂದದ್ದು ಯಾವದನ್ನು? ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ಶಾಸನಸಭೆಯಲ್ಲಿ ಇಂಗ್ಲಿಷು ನಡೆಸುವ ಯಜಮಾನಿಕೆಯನ್ನು. ಯಾರಾದರೊಬ್ಬ ಬಡವನ ಮಗ ಆ ಭಾಷೆಯನ್ನು ಕಲಿತು ಪುಸ್ತಕ ಓದುವದನ್ನು ಅವರು ಎಂದೂ ತಡೆಯಲಿಲ್ಲ. ಸ್ವತಃ ಅವರೇ ಬರ್ಲಿನ್ನಿನಲ್ಲಿ ಡಾಕ್ಟರೇಟು ಪಡೆದವರು, 'ಮ್ಯಾನ್‌ಕೈಂಡ್' ಎಂಬ ಇಂಗ್ಲಿಷು ಪತ್ರಿಕೆಯನ್ನು ನಡೆಸಿದವರು.

೧೯೬೭ರಲ್ಲಿ ಶಿವಮೊಗ್ಗೆಯಿಂದ ಆರಿಸಿ ಹೋದ ಸಮಾಜವಾದಿ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಅಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಅವರೇ ಮುಂದೆ ಮುಖ್ಯಮಂತ್ರಿಗಳಾಗಿದ್ದಾಗ, ೧೯೯೭ರಲ್ಲಿ, ಧಾರವಾಡ ಜಿಲ್ಲೆಯಿಂದ ನಮ್ಮ ಹಾವೇರಿ ಜಿಲ್ಲೆ ಬೇರೆಯಾಯಿತು. ಪಟೇಲರಿಗೆ ಇಂಗ್ಲಿಷು ಬಾರದೆ ಇರಲಿಲ್ಲ. ಬರುತ್ತಿದ್ದೂ ಕನ್ನಡವನ್ನು ಆರಿಸಿಕೊಂಡರೆಂದೇ ಆ ಮಾತಿಗೆ ತೂಕ ಬಂದಿತು.

ಸವಣೂರಿನವರಿಗಂತೂ ಇನ್ನೂ ಹತ್ತಿರದ ಉದಾಹರಣೆಯಿದೆ. ವಿನಾಯಕ ಕೃಷ್ಣ ಗೋಕಾಕರು ೧೯೦೯ರಲ್ಲಿ ಸವಣೂರಿನಲ್ಲಿ ಹುಟ್ಟಿದರು. ಧಾರವಾಡದಲ್ಲಿ ಓದಿ, ಆಕ್ಸಫರ್ಡಿಗೆ ಹೋಗಿ ಇಂಗ್ಲಿಷು ಸಾಹಿತ್ಯದಲ್ಲಿ ಮೊದಲ ವರ್ಗದಲ್ಲಿ ಪಾಸಾದರು. ಹೈದರಾಬಾದಿನಲ್ಲಿ ಇಂಗ್ಲಿಷು ಮಾಸ್ತರರನ್ನು ತರಬೇತುಗೊಳಿಸುವ ಕೇಂದ್ರ ಸಂಸ್ಥೆಗೆ ನಿರ್ದೇಶಕರಾದರು. ಅದೇ ಗೋಕಾಕರ ಸಮಿತಿ ೧೯೮೧ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದಿತು. ಆ ವರದಿಗಾಗಿ ೧೯೮೨ರಲ್ಲಿ ನಾಡೇ ಬೀದಿಗಿಳಿಯಿತು. ಇಂಗ್ಲಿಷನ್ನು ಅಷ್ಟು ಆಳವಾಗಿ ಕಲಿತವರೇ ಕನ್ನಡದ ಸ್ಥಾನಕ್ಕಾಗಿ ಬರೆದರು. ಆದುದರಿಂದ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ಇಂಗ್ಲಿಷಿನ ಯಜಮಾನಿಕೆಗೆ ನಮ್ಮ ವಿರೋಧ ಇದ್ದೇ ಇದೆ. ಆದರೆ ಆ ಹೋರಾಟ ಮುಗಿಯುವ ತನಕ ನಮ್ಮ ಮಕ್ಕಳು ಬಾಗಿಲ ಹೊರಗೆ ನಿಂತಿರಲಿ ಎನ್ನುವ ಅಧಿಕಾರ ನಮಗೆ ಇಲ್ಲ. ಸಾಹುಕಾರನ ಮಗ ಒಳಗೆ ಹೋಗುತ್ತಲೇ ಇರುತ್ತಾನೆ.

ಈಗ ನಮ್ಮ ಕಣ್ಣೆದುರಿನ ಸಂಗತಿಗೆ ಬರೋಣ. ಹಿರೇಕೆರೂರ ಕಡೆಯ ಒಬ್ಬ ಹುಡುಗಿ. ತಂದೆ ಹತ್ತಿಯ ಗಿರಣಿಯಲ್ಲಿ ಹಮಾಲಿ ಮಾಡುತ್ತಾನೆ. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷಿಗೆ ಅವಳಿಗೆ ೧೦೦ಕ್ಕೆ ೯೧ ಬಂದಿದ್ದವು. ಮುಂದಿನ ಕಾಲೇಜಿಗಾಗಿ ಪ್ರಾವೀಣ್ಯ ಪರೀಕ್ಷೆಗೆ ಕೂತಳು. ತಂದೆ ಕೈಗಡ ತಂದು ಶುಲ್ಕ ಕಟ್ಟಿದ್ದ. ಒಂದು ಕೋಚಿಂಗಿನವರು ಬೇರೆ ರೊಕ್ಕ ಕಿತ್ತುಕೊಂಡು, ದಪ್ಪ ಪುಸ್ತಕವೊಂದನ್ನು ಕೊಟ್ಟು ಕಳಿಸಿದ್ದರು. ಕಿವಿಗೆ ಯಂತ್ರ ಹಚ್ಚಿ ಧ್ವನಿ ಬಿಟ್ಟಾಗ ೪೦ ಪ್ರಶ್ನೆಗಳಲ್ಲಿ ೧೧ನ್ನು ಮಾತ್ರ ಅವಳಿಂದ ತುಂಬಲಾಯಿತು. ನಮ್ಮ ಮುಂದೆ ಕೂತು ಅವಳು ಹೇಳಿದಳು: "ಎಲ್ಲಾ ನಾ ಓದಿದ ಶಬ್ದನ ಇದ್ದೂರಿ. ಆದರ ಕಿವೀಗೆ ಗುರುತು ಸಿಗಲಿಲ್ಲ."

ಸಂಗಾತಿಗಳೇ, ಈ ಮಾತಿನಲ್ಲಿ ರೋಗವೂ ಇದೆ, ಔಷಧವೂ ಇದೆ. ನಮ್ಮ ಮಕ್ಕಳು ಇಂಗ್ಲಿಷನ್ನು ಕಣ್ಣಿನಿಂದ ಕಲಿತಿದ್ದಾರೆ. ೨೦೦೭ರಿಂದ ಸರಕಾರಿ ಕನ್ನಡ ಶಾಲೆಗಳಲ್ಲಿ ೧ನೆಯ ಇಯತ್ತೆಯಿಂದಲೇ ಇಂಗ್ಲಿಷು ಒಂದು ವಿಷಯವಾಗಿದೆ. ಆದರೂ ದ್ವಿತೀಯ ಭಾಷೆಯ ೮೦ ಅಂಕದ ಲಿಖಿತ ಪತ್ರಿಕೆಯನ್ನು ಒಂದೇ ಒಂದು ಇಂಗ್ಲಿಷು ವಾಕ್ಯವನ್ನು ಕಿವಿಯಿಂದ ಕೇಳದೆಯೂ ಬರೆದು ಪಾಸಾಗಬಹುದು. ಪರೀಕ್ಷೆಯಲ್ಲಿ ಇಲ್ಲದ್ದನ್ನು ವರ್ಗದಲ್ಲಿ ಯಾರು ಕಲಿಸುತ್ತಾರೆ? ದೊಡ್ಡ ಊರಿನ ವಕೀಲರ ಮನೆಯಲ್ಲಿ ಕೂಸು ತೊಟ್ಟಿಲಲ್ಲಿಯೇ ಈ ಧ್ವನಿಯನ್ನು ಪುಕ್ಕಟೆಯಾಗಿ ಕೇಳುತ್ತದೆ. ನಮ್ಮ ಓಣಿಯಲ್ಲಿ ಅದು ಇಲ್ಲ. ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಧ್ವನಿಯದು, ಅದನ್ನು ನಾವು ಕೂಡಿ ತುಂಬಬಲ್ಲೆವು.

ಪರೀಕ್ಷೆ ಹೇಗಿರುತ್ತದೆ ಎಂಬದನ್ನು ಮೊದಲು ತಿಳಿಯಿರಿ. ಹೊರದೇಶದ ಕಾಲೇಜುಗಳು ಕೇಳುವ ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆಯ ಮಾದರಿಯನ್ನು ಹಿಡಿದರೆ ಉಳಿದವುಗಳ ಹದವೂ ಸಿಗುತ್ತದೆ. ಕೇಳುವ ಪತ್ರಿಕೆಯಲ್ಲಿ ೪ ಭಾಗ, ೪೦ ಪ್ರಶ್ನೆ, ಸುಮಾರು ೩೦ ನಿಮಿಷದ ಧ್ವನಿ. ಧ್ವನಿಯನ್ನು ಒಂದೇ ಸಲ ಬಿಡುತ್ತಾರೆ. ಮೊದಲ ಭಾಗದಲ್ಲಿ ಇಬ್ಬರ ದಿನನಿತ್ಯದ ಮಾತು: ಖೋಲಿಯ ಬಾಡಿಗೆ, ಪ್ರಯಾಣದ ಟಿಕೆಟು ಇಂಥದು. ಕೊನೆಯ ಭಾಗದಲ್ಲಿ ಕಾಲೇಜಿನ ಉಪನ್ಯಾಸ. ಪ್ರಶ್ನೆಗಳು ಧ್ವನಿ ಸಾಗಿದ ಕ್ರಮದಲ್ಲಿಯೇ ಬರುತ್ತವೆ. ಬರೆಯುವ ಪತ್ರಿಕೆಗೆ ೬೦ ನಿಮಿಷ, ಎರಡು ಬರಹ. ಮೊದಲನೆಯದು ಕಡಿಮೆಯೆಂದರೆ ೧೫೦ ಶಬ್ದ, ಎರಡನೆಯದು ೨೫೦ ಶಬ್ದ. ಎರಡನೆಯದರ ತೂಕ ಮೊದಲನೆಯದರ ಇಮ್ಮಡಿ. ಓದುವ ಹಾಗೂ ಮಾತಾಡುವ ಪರೀಕ್ಷೆಗಳು ಬೇರೆ ಇವೆ. ಇಂದು ನಮಗೆ ಈ ಎರಡು ಸಾಕು.

ಕಿವಿಯ ಕೆಲಸ ಯಾಕೆ ಕಷ್ಟವಾಗುತ್ತದೆ? ಕನ್ನಡದಲ್ಲಿ ಬರೆದದ್ದನ್ನೆಲ್ಲ ಹೆಚ್ಚುಕಡಿಮೆ ಉಚ್ಚರಿಸುತ್ತೇವೆ, ಎಲ್ಲ ಅಕ್ಷರಗಳಿಗೂ ಸರಿಯಾದ ಪಾಲು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಒತ್ತಿ ಉಳಿದವನ್ನು ನುಂಗುತ್ತಾರೆ. ನಮ್ಮ ಹುಡುಗ 'ವೆಡ್ನೆಸ್‌ಡೇ' ಎಂದು ಓದಿಕೊಂಡಿರುತ್ತಾನೆ, ಅಲ್ಲಿ 'ವೆನ್ಸ್‌ಡೇ' ಎಂದು ಕೇಳುತ್ತದೆ. 'ವೆಜಿಟೇಬಲ್' ಎಂದು ಕಲಿತವನಿಗೆ 'ವೆಜ್‌ಟಬಲ್' ಎಂದು ಬರುತ್ತದೆ. ಮೂರು ಶಬ್ದಗಳ 'ನಾಟ್ ಎಟ್ ಆಲ್' ಎಂಬದು 'ನಾಟಟಾಲ್' ಎಂದು ಒಂದೇ ಆಗುತ್ತದೆ. ಇದೇನೂ ವಿಚಿತ್ರವಲ್ಲ. ಪುಸ್ತಕದ ಕನ್ನಡ ಮಾತ್ರ ಕಲಿತ ಪರಸ್ಥಳದವನೊಬ್ಬ ನಮ್ಮ ಸಂತೆಗೆ ಬಂದು "ಎಲ್ಲಿಗ್ಹೊಂಟಿ" ಎಂಬದನ್ನು ಕೇಳಿದರೆ ಅವನೂ ಹೀಗೆಯೇ ಕಣ್ಣು ಬಿಡುತ್ತಾನೆ. ನಾಲ್ಕು ವಾರ ಸಂತೆ ಮಾಡಿದರೆ ಅವನಿಗೂ ತಿಳಿಯುತ್ತದೆ. ನಮ್ಮ ಮಕ್ಕಳಿಗೂ ಅಷ್ಟೇ, ಸಂತೆ ಮಾಡಿಸಬೇಕು.

ವ್ಯಾಪಾರಸ್ಥರು ಒಂದು ಮಾತನ್ನು ಕೂಡಲೇ ಒಪ್ಪುತ್ತೀರಿ: ಅಂಕಿ ತಪ್ಪಿದರೆ ಎಲ್ಲವೂ ತಪ್ಪಿತು. ಇಂಗ್ಲಿಷಿನ 'ಥರ್ಟೀನ್' ಮತ್ತು 'ಥರ್ಟಿ' ಕಿವಿಗೆ ಒಂದೇ ಬಗೆಯಾಗಿ ಬೀಳುತ್ತವೆ. ೧೩ ಚೀಲವೆಂಬಲ್ಲಿ ೩೦ ಚೀಲವೆಂದು ಬರೆದರೆ ಅಡತಿಯೇ ಮುಳುಗೀತು. 'ಥರ್ಟೀನ್' ಎಂಬಲ್ಲಿ ಒತ್ತು ಕೊನೆಗೆ, 'ಥರ್ಟಿ' ಎಂಬಲ್ಲಿ ಒತ್ತು ಮೊದಲಿಗೆ. ೧೩ರಿಂದ ೧೯, ೩೦ರಿಂದ ೯೦, ಈ ಜೋಡಿಗಳನ್ನು ಒಬ್ಬರು ಹೇಳಬೇಕು, ಒಬ್ಬರು ಬರೆಯಬೇಕು. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳುವದೂ ಪರೀಕ್ಷೆಯಲ್ಲಿ ಬರುತ್ತದೆ. 'ಎ', 'ಇ', 'ಐ' ಎಂಬ ಮೂರರಲ್ಲಿ, 'ಜಿ' 'ಜೆ' ಎಂಬೆರಡರಲ್ಲಿ ನಮ್ಮ ಹುಡುಗರು ಎಡವುತ್ತಾರೆ. ನಿಮ್ಮ ನಿಮ್ಮ ಊರಿನ ಹೆಸರುಗಳನ್ನೇ ಹೀಗೆ ಅಕ್ಷರ ಬಿಡಿಸಿ ಹೇಳಿ ಬರೆಸಿರಿ. ಬರೆದ ಶಬ್ದದ ಕಾಗುಣಿತ ತಪ್ಪಿದರೂ ಅಂಕ ಹೋಗುತ್ತದೆ ಎಂಬದು ನೆನಪಿರಲಿ.

ಇನ್ನೊಂದು ಮೋಸವಿದೆ. ಧ್ವನಿಯಲ್ಲಿ ಮಾತಾಡುವವನು ಮೊದಲು ಮಂಗಳವಾರ ಎನ್ನುತ್ತಾನೆ. ಮರುಕ್ಷಣ "ಅಲ್ಲ, ಆ ದಿನ ರಜೆ, ಗುರುವಾರ ಬನ್ನಿ" ಎನ್ನುತ್ತಾನೆ. ಅವಸರದವನು ಮಂಗಳವಾರ ಎಂದು ಬರೆದುಬಿಡುತ್ತಾನೆ. ಅಂತೆಯೇ ಪ್ರಶ್ನೆಯಲ್ಲಿದ್ದ ಶಬ್ದವೇ ಧ್ವನಿಯಲ್ಲಿ ಬರುವದಿಲ್ಲ. ಪ್ರಶ್ನೆಯಲ್ಲಿ 'ಬೆಲೆ' ಎಂದಿದ್ದರೆ, ಧ್ವನಿಯಲ್ಲಿ 'ಇಷ್ಟು ಕೊಡಬೇಕಾಗುತ್ತದೆ' ಎಂದು ಇರುತ್ತದೆ. ಶಬ್ದಕ್ಕೆ ಕಾಯಬಾರದು, ಅರ್ಥಕ್ಕೆ ಕಾಯಬೇಕು.

ನಿತ್ಯದ ಅಭ್ಯಾಸ ಹೇಗೆ? ನಾವು ಸಂಜೆ ಹುಡುಗರನ್ನು ಕೂಡಿಸಿ ಮಾಡಿ ನೋಡಿದ ಕ್ರಮವನ್ನು ಹೇಳುತ್ತೇವೆ. ಮೊದಮೊದಲು ನಾವೂ ತಪ್ಪಿದೆವು. ವ್ಯಾಕರಣದ ಪುಸ್ತಕ ಹಿಡಿದು ಎರಡು ತಿಂಗಳು ಕಳೆದೆವು, ಏನೂ ಆಗಲಿಲ್ಲ. ಆ ಮೇಲೆ ಪುಸ್ತಕ ಕೆಳಗಿಟ್ಟು ಮೊಬೈಲು ಮೇಜಿನ ಮೇಲಿಟ್ಟೆವು. ಆಕಾಶವಾಣಿಯ ಇಂಗ್ಲಿಷು ವಾರ್ತೆ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಬಿ.ಬಿ.ಸಿ.ಯವರ ಇಂಗ್ಲಿಷು ಕಲಿಕೆಯ ಪಾಠಗಳೂ ಪುಕ್ಕಟೆ, ಅವುಗಳಲ್ಲಿ ಧ್ವನಿಯ ಜೊತೆಗೆ ಅಕ್ಷರವೂ ಇದೆ. ಎರಡು ನಿಮಿಷದ ತುಣುಕನ್ನು ತೆಗೆದುಕೊಂಡು ನಾಲ್ಕು ಸಲ ಕೇಳಿಸಿದೆವು. ಮೊದಲ ಸಲ ಪೆನ್ನು ಮುಟ್ಟಬಾರದು, ಸುಮ್ಮನೆ ಕೇಳಬೇಕು. ಎರಡನೆಯ ಸಲ ತಿಳಿದಷ್ಟು ಬರೆಯಬೇಕು. ಮೂರನೆಯ ಸಲ ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು, ಕಿವಿಗೆ ತಪ್ಪಿಹೋದ ಶಬ್ದಗಳಿಗೆ ಗೆರೆ ಎಳೆಯಬೇಕು. ನಾಲ್ಕನೆಯ ಸಲ ಧ್ವನಿಯ ಜೊತೆಗೇ ಬಾಯಿ ಬಿಟ್ಟು ಹೇಳಬೇಕು. ಬಾಯಿಗೆ ಬಂದದ್ದು ಕಿವಿಗೆ ಬೇಗ ಸಿಗುತ್ತದೆ. ದಿನಾಲು ೨೦ ನಿಮಿಷ ಸಾಕು. ರವಿವಾರ ಒಂದೇ ದಿನ ಐದು ತಾಸು ಕೂಡುವದರಿಂದ ಲಾಭವಿಲ್ಲ. ಪರೀಕ್ಷೆ ಒಂದು ತಿಂಗಳಿದೆ ಎನ್ನುವಾಗ ಮಾತ್ರ ಒಂದೇ ಸಲ ಕೇಳಿ ಬರೆಯುವ ರೂಢಿಗೆ ಬರಬೇಕು.

ಈಗ ಬರವಣಿಗೆ. ನಮ್ಮ ಮಕ್ಕಳು ಗೈಡು ತಂದು ನಿಬಂಧ ಬಾಯಿಪಾಠ ಮಾಡುತ್ತಾರೆ. ಈ ಪರೀಕ್ಷೆಗಳಲ್ಲಿ ಅದು ನಡೆಯುವದಿಲ್ಲ. ಬಾಯಿಪಾಠದ ಬರಹವನ್ನು ಪರೀಕ್ಷಕರು ಹಿಡಿಯುತ್ತಾರೆ, ಅಂಕ ಕಳೆಯುತ್ತಾರೆ. ಸ್ವಂತ ವಾಕ್ಯವನ್ನು ಕಟ್ಟುವದನ್ನೇ ಕಲಿಯಬೇಕು. ಅದಕ್ಕೆ ಒಂದು ವಾಕ್ಯ ಸಾಕು, ನೋಡಿರಿ. "ನಮ್ಮ ತಂದೆ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ." ಇಂಗ್ಲಿಷಿನಲ್ಲಿ "ಮೈ ಫಾದರ್ ವರ್ಕ್ಸ್ ಇನ್ ಎ ಮಿಲ್." ಇಷ್ಟರಲ್ಲಿ ನಮ್ಮವರ ಬಹುತೇಕ ತಪ್ಪುಗಳು ಅಡಗಿವೆ. ಒಂದು, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಎರಡು, ಒಬ್ಬನ ಬಗೆಗೆ ಹೇಳುವಾಗ 'ವರ್ಕ್' ಎಂಬದಕ್ಕೆ 'ಎಸ್' ಹತ್ತಬೇಕು, ಅದನ್ನು ನಾವು ಬಿಡುತ್ತೇವೆ. ಮೂರು, ನಮ್ಮ 'ಅಲ್ಲಿ' ಶಬ್ದದ ಹಿಂದೆ ಅಂಟಿಕೊಳ್ಳುತ್ತದೆ, ಅವರ 'ಇನ್' ಶಬ್ದದ ಮುಂದೆ ನಿಲ್ಲುತ್ತದೆ. ನಾಲ್ಕು, ಆ ಸಣ್ಣ 'ಎ'. ಕನ್ನಡದಲ್ಲಿ ಅದರ ಜೋಡಿಯಿಲ್ಲ, ಆದ್ದರಿಂದ ನಮಗೆ ಅದು ಕಾಣುವದೇ ಇಲ್ಲ. ಈ ನಾಲ್ಕನ್ನು ಕಾದುಕೊಂಡವನ ಬರಹ ಅರ್ಧಕ್ಕೂ ಹೆಚ್ಚು ಸುಧಾರಿಸುತ್ತದೆ.

ವ್ಯಾಪಾರಸ್ಥರ ಮಕ್ಕಳಿಗೆ ಕಿರ್ದಿ, ಖತಾವಣಿ ಎಂದರೆ ಹೇಳಬೇಕಾಗಿಲ್ಲ. ಅದನ್ನೇ ಇಲ್ಲಿಯೂ ಮಾಡಿರಿ. ಒಂದು ಕಿರ್ದಿಯ ವಹಿ ಇಡಿರಿ, ಅದರಲ್ಲಿ ದಿನಾಲು ಎಂಟು ಸಾಲು ಇಂಗ್ಲಿಷು ಬರೆಯಿರಿ. ಸಂತೆಯಲ್ಲಿ ಗೋವಿನಜೋಳದ ಧಾರಣಿ ಏನಾಯಿತು, ಶಿಗ್ಗಾಂವಿಯ ಹೆದ್ದಾರಿಯಲ್ಲಿ ಬಸ್ಸು ಯಾಕೆ ತಡವಾಯಿತು, ಮಳೆ ಬಂತೇ ಇಲ್ಲವೇ, ಇಷ್ಟೇ ಸಾಕು. ಬರೆದದ್ದನ್ನು ಯಾರಾದರೊಬ್ಬ ಮಾಸ್ತರರಿಗೆ, ಇಲ್ಲವೆ ಮೇಲಿನ ವರ್ಗದ ಹುಡುಗನಿಗೆ ತೋರಿಸಿರಿ. ಅವರು ತಿದ್ದಿದ ತಪ್ಪನ್ನು ಖತಾವಣಿಯ ವಹಿಗೆ ಏರಿಸಿರಿ: 'ಎಸ್' ಬಿಟ್ಟ ತಪ್ಪಿಗೆ ಒಂದು ಪುಟ, 'ಎ' ಬಿಟ್ಟ ತಪ್ಪಿಗೆ ಒಂದು ಪುಟ, ಕಾಲ ತಪ್ಪಿದ್ದಕ್ಕೆ ಒಂದು ಪುಟ. ತಿಂಗಳ ಕೊನೆಗೆ ಯಾವ ಖಾತೆಯಲ್ಲಿ ಬಾಕಿ ಹೆಚ್ಚು ಎಂಬದು ತಾನೇ ಕಾಣುತ್ತದೆ. ಆ ಬಾಕಿಯನ್ನು ಮೊದಲು ತೀರಿಸಿರಿ.

ಪರೀಕ್ಷೆಯ ದಿನ ೬೦ ನಿಮಿಷವನ್ನು ಪಾಲು ಮಾಡಿಕೊಳ್ಳಿರಿ. ಚಿಕ್ಕ ಬರಹಕ್ಕೆ ೨೦, ದೊಡ್ಡದಕ್ಕೆ ೪೦. ಆ ೪೦ರಲ್ಲಿ ಮೊದಲ ೫ ನಿಮಿಷ ಬರೆಯಬಾರದು, ವಿಚಾರ ಮಾಡಬೇಕು. ವಿಚಾರವನ್ನು ಕನ್ನಡದಲ್ಲಿಯೇ ಮಾಡಿರಿ, ನಾಚಿಕೆ ಬೇಡ. ನನ್ನ ಅಭಿಪ್ರಾಯವೇನು, ಅದಕ್ಕೆ ಎರಡು ಕಾರಣಗಳೇನು, ಒಂದೊಂದಕ್ಕೂ ಉದಾಹರಣೆಯೇನು ಎಂಬದನ್ನು ಗುರುತು ಹಾಕಿಕೊಂಡು, ನಾಲ್ಕು ಭಾಗಗಳಲ್ಲಿ ಬರೆಯಿರಿ. ಸಣ್ಣ ಸಣ್ಣ ವಾಕ್ಯ ಬರೆಯಿರಿ. ಕೊನೆಯ ೫ ನಿಮಿಷ ಖತಾವಣಿಯನ್ನು ನೆನಸಿಕೊಂಡು ತಿದ್ದಿರಿ. ಹೇಳಿದಷ್ಟು ಶಬ್ದಗಳು ಆಗಲೇಬೇಕು. ಕೇಳುವ ಪತ್ರಿಕೆಯಲ್ಲಿ 'ಎರಡು ಶಬ್ದ ಮೀರಬಾರದು' ಎಂದು ಇದ್ದರೆ ಮೂರು ಬರೆಯಬಾರದು. ಒಂದು ಉತ್ತರ ತಪ್ಪಿಹೋದರೆ ಅದಕ್ಕೆ ಅಳುತ್ತ ಕೂಡಬಾರದು. ಅಷ್ಟರಲ್ಲಿ ಮುಂದಿನ ಮೂರು ಹೋಗಿಬಿಡುತ್ತವೆ.

ಇದಿಷ್ಟು ಮಕ್ಕಳ ಕೆಲಸ. ದೊಡ್ಡವರ ಕೆಲಸ ಬೇರೆ ಇದೆ, ಅದನ್ನು ಹೇಳದೆ ಮಾತು ಮುಗಿಸಿದರೆ ನಾವು ಕೋಚಿಂಗಿನವರಿಗಿಂತ ಮೇಲೇನೂ ಆಗುವದಿಲ್ಲ.

ಗಿರಣಿಯ ಸಂಘದವರೇ, ನಿಮ್ಮ ಸಂಘದ ಖೋಲಿ ಸಂಜೆ ಖಾಲಿ ಇರುತ್ತದೆ. ದಿನಾಲು ಒಂದು ತಾಸು ಅದನ್ನು ಬಿಟ್ಟುಕೊಡಿರಿ, ಒಂದು ಸಣ್ಣ ಧ್ವನಿಪೆಟ್ಟಿಗೆ ಇಡಿರಿ. ಐದು ಹುಡುಗರಿಗೆ ಒಂದು ಮೊಬೈಲು ಸಾಕು. ಅಂಗಡಿಯವರೇ, ಬಾಗಿಲು ಹಾಕುವ ಹೊತ್ತಿಗೆ ಅರ್ಧ ತಾಸು ಕಟ್ಟೆಯ ಮೇಲೆ ದೀಪ ಉಳಿಸಿರಿ. ಹುಡುಗ ಗಲ್ಲೆಯ ಮೇಲೆ ಕೂತು ಇಂಗ್ಲಿಷು ಕೇಳುತ್ತಿದ್ದರೆ ಹೊತ್ತು ಕಳೆಯುತ್ತಾನೆಂದು ಬಯ್ಯಬೇಡಿರಿ. ನಿವೃತ್ತರಾದ ಮಾಸ್ತರರು ನಾಲ್ಕೂ ತಾಲೂಕುಗಳಲ್ಲಿ ಇದ್ದಾರೆ, ಅವರನ್ನು ಕೈಮುಗಿದು ಕರೆಯಿರಿ. ಹಳ್ಳಿಯವರು ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರವೆನ್ನುತ್ತಾರಲ್ಲ, ಅಲ್ಲಿಗೆ ಹೋಗಿ ಕೇಳಿರಿ. ಅಲ್ಲಿ ಗಣಕಯಂತ್ರ ಇದ್ದರೆ ಅದು ನಮ್ಮ ತೆರಿಗೆಯದೇ, ಅದಕ್ಕೆ ಬಟ್ಟೆ ಹೊದಿಸಿ ಇಡಬೇಕಾಗಿಲ್ಲ. ಹುಡುಗಿಯರು ಕತ್ತಲಾಗುವ ಮುಂಚೆ ಮನೆ ಮುಟ್ಟುವಂತೆ ವೇಳೆಯನ್ನು ಗೊತ್ತುಮಾಡಿರಿ. ಇಲ್ಲವಾದರೆ ಈ ಏರ್ಪಾಡು ಗಂಡುಹುಡುಗರ ಪಾಲಾಗಿ ಹೋಗುತ್ತದೆ.

ಸರಕಾರದ ಮುಂದೆಯೂ ನಮ್ಮ ಕೇಳಿಕೆಗಳಿವೆ. ಪ್ರತಿಯೊಂದು ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನು ಕೇಳಿಸುವ ಏರ್ಪಾಡು ಆಗಬೇಕು, ವಾರಕ್ಕೆ ಒಂದು ತಾಸಾದರೂ ಅದಕ್ಕೆ ಮೀಸಲಿರಬೇಕು. ಐ.ಇ.ಎಲ್.ಟಿ.ಎಸ್. ಪರೀಕ್ಷೆಗೆ ಒಬ್ಬ ವಿದ್ಯಾರ್ಥಿ ೧೫,೦೦೦ ರೂಪಾಯಿಗೂ ಮಿಕ್ಕಿ ಶುಲ್ಕ ಕಟ್ಟಬೇಕು, ಅದರ ಫಲಿತಾಂಶವೂ ಎರಡೇ ವರ್ಷ ನಡೆಯುತ್ತದೆ. ದುಡಿಯುವವರ ಮಕ್ಕಳಿಗೆ ಒಂದು ಸಲದ ಶುಲ್ಕವನ್ನಾದರೂ ಸರಕಾರ ಕೊಡಬೇಕು. ಇದರ ಜೊತೆಗೆ ನಮ್ಮ ಹಳೆಯ ಕೇಳಿಕೆಯನ್ನೂ ಬಿಡುವದಿಲ್ಲ: ಇಂಗ್ಲಿಷು ಬೇಕಾಗಿಯೇ ಇಲ್ಲದ ನೌಕರಿಗೆ ಇಂಗ್ಲಿಷಿನ ಗೋಡೆ ಕಟ್ಟಬಾರದು. ೨೦೧೯ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕ ಪರೀಕ್ಷೆಯನ್ನು ಕನ್ನಡವೂ ಸೇರಿ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವದಾಗಿ ಕೇಂದ್ರ ಸರಕಾರ ಪ್ರಕಟಿಸಿತು. ನಾಡಿನವರು ಬಾಯಿ ಬಿಟ್ಟು ಕೇಳಿದರು, ಆದ್ದರಿಂದ ಆಯಿತು. ಉಳಿದ ಗೋಡೆಗಳನ್ನೂ ಹೀಗೆಯೇ ಕೆಡವಬೇಕು. ಒಂದು ಕೈಯಲ್ಲಿ ಆ ಹೋರಾಟ, ಇನ್ನೊಂದು ಕೈಯಲ್ಲಿ ಈ ಅಭ್ಯಾಸ. ಎರಡೂ ಕೈ ನಮ್ಮವೇ.

ಕೊನೆಗೆ ಆ ಹಿರೇಕೆರೂರ ಹುಡುಗಿಯ ಸಂಗತಿ. ತಂದೆ ಕೈಗಡವನ್ನು ಇನ್ನೂ ತೀರಿಸುತ್ತಿದ್ದಾನೆ. ಅವಳು ಮನೆಯಲ್ಲಿ ಕೂಡಲಿಲ್ಲ. ಆರು ತಿಂಗಳಿಂದ ದಿನಾಲು ನಾಲ್ಕು ಸಲ ಕೇಳುವ ಕ್ರಮವನ್ನು ಬಿಟ್ಟಿಲ್ಲ, ತನಗಿಂತ ಚಿಕ್ಕವರು ಒಂಬತ್ತು ಜನರನ್ನು ಜೊತೆಗೆ ಕೂಡಿಸಿಕೊಂಡಿದ್ದಾಳೆ. ಹಳೆಯ ಮಾದರಿ ಪತ್ರಿಕೆಗಳಲ್ಲಿ ಈಗ ೪೦ಕ್ಕೆ ೨೬, ೨೭ ಬರುತ್ತಿವೆ. ಬರುವ ತಿಂಗಳು ಮತ್ತೆ ಪರೀಕ್ಷೆಗೆ ಕೂಡುವವಳಿದ್ದಾಳೆ. ಪಾಸಾಗುತ್ತಾಳೆಂದು ನಾವು ಇಲ್ಲಿ ಭವಿಷ್ಯ ಹೇಳುವದಿಲ್ಲ. ಈ ಸಲದ ಶುಲ್ಕಕ್ಕೆ ಅವಳ ತಂದೆ ಮತ್ತೆ ಸಾಲ ಮಾಡದಂತೆ ನೋಡಿಕೊಳ್ಳುವದು ಮಾತ್ರ ನಮ್ಮ ನಿಮ್ಮ ಕೈಯಲ್ಲಿದೆ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿರುತ್ತೇವೆ. ಕೈಲಾದಷ್ಟು ಹಾಕಿರಿ. ರೊಕ್ಕ ಇಲ್ಲದವರು ಅಲ್ಲಿರುವ ವಹಿಯಲ್ಲಿ ಹೆಸರು ಬರೆದು, ವಾರದಲ್ಲಿ ಯಾವ ಸಂಜೆ ಬಂದು ಮಕ್ಕಳ ಜೊತೆ ಕೂಡುತ್ತೀರಿ ಎಂಬದನ್ನು ತಿಳಿಸಿರಿ. ಇಂಗ್ಲಿಷು ಬಾರದಿದ್ದರೂ ನಡೆಯುತ್ತದೆ. ದೀಪ ಹಚ್ಚುವವರು, ಹಾಜರಿ ಬರೆಯುವವರು, ಹುಡುಗಿಯರನ್ನು ಮನೆ ಮುಟ್ಟಿಸುವವರು ಬೇಕಾಗಿದ್ದಾರೆ.